ಮಾವನ ಹಲ್ಲು, ಅಳಿಯನ ಮೂರು ಗಾಲಿ

“ಇವತ್ತಿನಿಂದ ನಾನು ನನ್ನ ಕಾಲ ಮೇಲೆ ನಿಂತಿದ್ದೀನಿ!” ಎಂದು ಹಲ್ಲು ಡಾಕ್ಟರು ಘೋಷಿಸಿದಾಗ ಅವರು ಅಂಗಾತ ಮಲಗಿದ್ದರು.

ಮಲಗಿದ್ದದ್ದು ಮಂಚದ ಮೇಲಲ್ಲ. ನಡುಮನೆಯಲ್ಲಿ ಆಗಷ್ಟೇ ಜೋಡಿಸಿ ಮುಗಿಸಿದ ಮೂರು ಗಾಲಿಯ ಸೈಕಲ್ಲಿನ ಮೇಲೆ. ಮುಂದೆ ಎರಡು ಗಾಲಿ, ಹಿಂದೆ ಒಂದು. ನಡುವೆ ನೆಲದಿಂದ ಗೇಣು ಎತ್ತರದಲ್ಲಿ ಜಾಲರಿ ಬಟ್ಟೆಯ ಒರಗು ಸೀಟು. ಕಾಲು ಚಾಚಿದರೆ ಮೂಗಿನ ನೇರಕ್ಕೆ ಪೆಡಲು! ಅಂಗಡಿಯವರು ಇದನ್ನು ರಿಕಂಬೆಂಟ್ ಟ್ರೈಕ್ ಎಂದು ಮಾರಿದ್ದರು. ಡಾಕ್ಟರು ಇದನ್ನು ‘ನನ್ನ ಸ್ವಾತಂತ್ರ್ಯ’ ಎನ್ನುತ್ತಿದ್ದರು. ಅವರ ಹೆಂಡತಿ ನೋಡಿದ ಮೊದಲ ಗಳಿಗೆಯಲ್ಲೇ ‘ಆರಾಮಕುರ್ಚಿ’ ಎಂದುಬಿಟ್ಟಿದ್ದರು.

“ಎರಡೂ ಕಾಲು ಗಾಳಿಯಲ್ಲಿವೆ. ನಿಂತಿರೋದು ಎಲ್ಲಿ?” ಎಂದರು ಹೆಂಡತಿ.

“ಮಾತಿಗೆ ಹೇಳಿದೆ! ಇನ್ಮೇಲೆ ಎಲ್ಲಿಗೆ ಹೋಗೋದಿದ್ರೂ ನಾನೇ ತುಳ್ಕೊಂಡು ಹೋಗ್ತೀನಿ. ಎಷ್ಟು ದೂರ ಇದ್ರೂ ಸರಿ. ಬೆಟ್ಟ ಹತ್ತೀನಿ, ಹೊಳೆ ದಾಟ್ತೀನಿ!”

ಈ ಆವೇಶಕ್ಕೆ ಕಾರಣವಿತ್ತು. ಹೆಂಡತಿಯದು ಡ್ರೈವಿಂಗ್ ಸ್ಕೂಲು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಅವರನ್ನು ಎಲ್ಲರೂ ‘ಮೇಡಂ’ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಡಾಕ್ಟರೂ ಅವರ ಬಳಿ ಕಲಿಯಲು ಹೋಗಿದ್ದರು. ಗಂಡಹೆಂಡಿರ ಸಂಬಂಧ ಉಳಿಯಬೇಕಾದರೆ ಗುರುಶಿಷ್ಯರ ಸಂಬಂಧ ಕಡಿದುಕೊಳ್ಳುವುದೇ ವಾಸಿಯೆಂದು ಎರಡನೆಯ ದಿನವೇ ಇಬ್ಬರಿಗೂ ಮನವರಿಕೆಯಾಯಿತು. ಅಂದಿನಿಂದ ಡಾಕ್ಟರು ಕ್ಲಿನಿಕ್ಕಿಗೆ ಹೋಗುವುದು, ಬರುವುದು, ನೆಂಟರ ಮನೆಗೆ ಹೋಗುವುದು, ಎಲ್ಲವೂ ಹೆಂಡತಿಯ ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿದುಕೊಂಡು, ಬಾಯಿ ಮುಚ್ಚಿಕೊಂಡು! ಕ್ಲಿನಿಕ್ಕಿನಲ್ಲಿ ಎಲ್ಲರ ಬಾಯಿ ತೆಗೆಸುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಟ್ರೈಕನ್ನು ಅವರು ಮೊದಲು ಕಂಡದ್ದು ಕ್ಲಿನಿಕ್ಕಿನ ಬಾಗಿಲಲ್ಲೇ. ದೇಶ ಸುತ್ತುತ್ತಿದ್ದ ಪ್ರವಾಸಿಯೊಬ್ಬ ದವಡೆ ಹಿಡಿದುಕೊಂಡು ಬಂದಿದ್ದ. ಇಂಜೆಕ್ಷನ್ ಕೊಟ್ಟು, ಮರಗಟ್ಟುವ ತನಕ ಎಂದು ಡಾಕ್ಟರು ಹೊರಗೆ ಬಂದು ಅವನ ಗಾಡಿಯಲ್ಲಿ ಸುಮ್ಮನೆ ಕೂತು ನೋಡಿದರು. ಬಗ್ಗಿ ಬಗ್ಗಿ ಜನರ ಬಾಯಿ ಇಣುಕಿದ್ದರಿಂದ ಹಿಡಿದುಕೊಂಡಿದ್ದ ಬೆನ್ನು ‘ಅಬ್ಬಾ’ ಎಂದಿತು. ರೋಗಿಗಳನ್ನೆಲ್ಲ ಒರಗು ಕುರ್ಚಿಯಲ್ಲಿ ಮಲಗಿಸಿದವರಿಗೆ ಆ ಸುಖ ಏನೆಂದು ಅಂದೇ ತಿಳಿದದ್ದು! ಪ್ರವಾಸಿ ಕಿಟಕಿಯಿಂದ ಕೈಬೀಸಿ ಏನೋ ಹೇಳುತ್ತಿದ್ದ. ತುಟಿ ಮರಗಟ್ಟಿದ್ದರಿಂದ ಮಾತು ಹೊರಡಲಿಲ್ಲ. ಡಾಕ್ಟರು ಅಷ್ಟರಲ್ಲಿ ಬೀದಿಯ ಕೊನೆ ಮುಟ್ಟಿದ್ದರು.

ಇರಲಿ. ಈಗ ವಿಷಯಕ್ಕೆ ಬರೋಣ, ಏಕೆಂದರೆ ವಿಷಯ ಹಲ್ಲಿನದು.

ಡಾಕ್ಟರ ಮಾವ ಹರಾಜು ಕೂಗುವವರು. ಬೆಟ್ಟದಾಚೆಯ ಊರಿನ ಹರಾಜು ಅಂಗಳದಲ್ಲಿ ಹಳೆಯ ಗಾಡಿ, ಯಂತ್ರ, ಮೇಜುಕುರ್ಚಿಗಳನ್ನು ಬರೀ ಗಂಟಲಿನ ಬಲದಿಂದ ಮಾರಿದ ಆಸಾಮಿ. ಮೈಕು ಮುಟ್ಟಿದವರಲ್ಲ. ಆದರೆ ಅವರ ಹಲ್ಲುಗಳು ಒಂದೊಂದಾಗಿ ಕೈಕೊಟ್ಟವು. “ಎಲ್ಲ ತೆಗೆದುಬಿಡೋಣ ಮಾವ, ಹೊಸ ಸೆಟ್ಟು ನಾನು ಮಾಡಿಕೊಡ್ತೀನಿ. ಮೊದಲಿಗಿಂತ ಜೋರಾಗಿ ಕೂಗ್ತೀರಿ!” ಎಂದು ಭರವಸೆ ಕೊಟ್ಟವರು ಇದೇ ಅಳಿಯಂದಿರು. ಹಲ್ಲು ತೆಗೆದಂದಿನಿಂದ ಮಾವ ಮಾತು ಬಿಟ್ಟರು. ಬೊಚ್ಚು ಬಾಯಲ್ಲಿ ಒಂದು ಪದವೂ ಆಡೆನೆಂದು ಬಾಯಿಗೆ ಕರವಸ್ತ್ರ ಹಿಡಿದು ವಾರಗಟ್ಟಲೆ ಕಣ್ಣಲ್ಲೇ ಸಂಸಾರ ನಡೆಸಿದರು. ಅಂಗಳದ ಮಾಲೀಕರು ಅವರ ಜಾಗಕ್ಕೆ ಒಬ್ಬ ಹುರಿಮೀಸೆಯವನನ್ನು ತಂದರು. ಮೈಕಿಲ್ಲದೆ ‘ನೀರು ಕೊಡಿ’ ಎಂದೂ ಕೇಳದ ಅವನಿಗೆ ಅತ್ತೆ ‘ಮೈಕಿನವನು’ ಎಂದು ಹೆಸರಿಟ್ಟಿದ್ದರು. ವರ್ಷದ ದೊಡ್ಡ ಹರಾಜಿಗೆ ಮಾವ ಕೂಗಿದರೆ ಸರಿ, ಇಲ್ಲವಾದರೆ ಸುತ್ತಿಗೆ ಕಾಯಂ ಆಗಿ ಮೈಕಿನವನ ಕೈಗೆ. ಹಾಗೆಂದು ಮಾಲೀಕರು ಹೇಳಿ ಕಳಿಸಿದ್ದರು.

ಹಲ್ಲಿನ ಸೆಟ್ಟು ಪಾಲಿಶ್ ಆಗಿ ಕೈಸೇರಿದ್ದು ಹರಾಜಿನ ಹಿಂದಿನ ಸಂಜೆ.

“ಬೆಳಿಗ್ಗೆ ಬೇಗ ಕಾರಲ್ಲಿ ಹೊರಟುಬಿಡೋಣ,” ಎಂದರು ಮೇಡಂ.

“ಹೊರಡೋದು ನಾನು. ಟ್ರೈಕಲ್ಲಿ. ನೀನು ನಿನ್ನ ಕ್ಲಾಸು ಮುಗಿಸಿಕೊಂಡು ನಿಧಾನಕ್ಕೆ ಬಾ.”

“ತಮಾಷೆ ಮಾಡಬೇಡಿ. ಅದು ನಮ್ಮಪ್ಪನ ಅನ್ನದ ಪ್ರಶ್ನೆ.”

“ನನ್ನ ಮಾನದ ಪ್ರಶ್ನೆ! ಮಧ್ಯಾಹ್ನ ಎರಡು ಗಂಟೆಗೆ ಹರಾಜು. ಹನ್ನೊಂದಕ್ಕೇ ಮಾವನ ಬಾಯಲ್ಲಿ ಹಲ್ಲಿರತ್ತೆ, ನೋಡ್ತಿರು.”

ಮೇಡಂ ಅವರನ್ನು ಕ್ಷಣಕಾಲ ನೋಡಿದರು. ಪರೀಕ್ಷೆಯಲ್ಲಿ ಫೇಲಾಗಲಿರುವ ವಿದ್ಯಾರ್ಥಿಯನ್ನು ಅವರು ನೋಡುವುದು ಹಾಗೆಯೇ. “ಹಿಂದೆ ಬರೋದು ಕಾಣೋ ಹಾಗೆ ಕನ್ನಡಿ ಹಾಕಿಸದೆ ಅದು ಗೇಟು ದಾಟೋ ಹಾಗಿಲ್ಲ,” ಎಂದಷ್ಟೇ ಹೇಳಿ, ತಾವೇ ಒಂದು ಕನ್ನಡಿ ತಂದು ಗಾಡಿ ತಿರುಗಿಸುವ ಬಲ ಹಿಡಿಯ ಪಕ್ಕಕ್ಕೆ ತಿರುಪು ಬಿಗಿದರು. ಅಲ್ಲಿಯವರೆಗೆ ಡಾಕ್ಟರು ಮೈದಾನದಲ್ಲಿ ಅಭ್ಯಾಸ ಮಾಡಿದ್ದೆಲ್ಲ ಕನ್ನಡಿಯಿಲ್ಲದೆ.

ನಸುಕಿನಲ್ಲಿ ದಿಗ್ವಿಜಯ ಆರಂಭವಾಯಿತು. ತಲೆಗೆ ಶಿರಸ್ತ್ರಾಣ, ಹಿಂದೆ ಕೋಲಿಗೆ ಕಟ್ಟಿದ ಕಿತ್ತಳೆ ಬಾವುಟ, ಸೀಟಿನ ಬೆನ್ನಿಗೆ ತಗುಲಿಸಿದ ಚೀಲದಲ್ಲಿ ನೀರು ತುಂಬಿದ ಡಬ್ಬಿ, ಡಬ್ಬಿಯಲ್ಲಿ ಮಾವನ ಮೇಲ್ಸಾಲು ಕೆಳಸಾಲು! ಬೀದಿ ನಾಯಿಗಳು ಮೊದಲ ಬಾರಿಗೆ ಒಬ್ಬ ಮನುಷ್ಯನನ್ನು ಕಣ್ಣಿಗೆ ಕಣ್ಣಿಟ್ಟು ನೋಡಿದವು. ಡಾಕ್ಟರ ಬೆನ್ನು ಹಾಡುತ್ತಿತ್ತು, ಮಂಡಿ ತಾಳ ಹಾಕುತ್ತಿತ್ತು. ಊರು ದಾಟಿ ಹೆದ್ದಾರಿಗೆ ಬಂದಾಗ, ಒಮ್ಮೆ ಹಿಂದೆ ನೋಡೋಣವೆಂದು ಗತ್ತಿನಿಂದ ಕನ್ನಡಿಯತ್ತ ಕಣ್ಣು ಹಾಯಿಸಿದರು.

ಮರುಕ್ಷಣ ಅವರು ರಸ್ತೆ ಬದಿಯ ಮರಳು ಗುಡ್ಡೆಯೊಳಗಿದ್ದರು.

ಹೇಗೆ ಬಂದೆನೆಂದು ತಿಳಿಯದೆ ಕಾಲು ಕೊಡವಿ, ಗಾಡಿ ಎಳೆದು, ಮತ್ತೆ ಹೊರಟರು. ಗಾಲಿ ಸಡಿಲವಾಗಿರಬೇಕೆಂದುಕೊಂಡರು. ಸ್ವಲ್ಪ ದೂರ ನೆಟ್ಟಗೆ ಓಡಿತು. ಹಿಂದೆ ಬಸ್ಸಿನ ಹಾರನ್ ಕೇಳಿ ಕನ್ನಡಿ ನೋಡಿದರು. ಗಾಡಿ ಎಡಕ್ಕೆ ಸರಿಯಲೆಂದು ಹಿಡಿ ಆಡಿಸಿದರೆ ಅದು ಹಟ ಹಿಡಿದ ಕತ್ತೆಯಂತೆ ಬಲಕ್ಕೆ ನುಗ್ಗಿತು! ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ ಡಾಕ್ಟರ ವಂಶದ ಮೂರು ತಲೆಮಾರನ್ನು ಸ್ಮರಿಸಿಕೊಂಡು ಹೋದ. ಮೂರನೆಯ ಸಲ ಅವರು ಪಂಕ್ಚರ್ ಅಂಗಡಿಯ ಮುಂದೆ ಪೇರಿಸಿಟ್ಟ ಟೈರುಗಳನ್ನೆಲ್ಲ ಉರುಳಿಸಿ, ಒಂದು ಟೈರನ್ನು ಕೊರಳಿಗೆ ಹಾಕಿಕೊಂಡು ನಿಂತರು.

“ಏನ್ ಸಾರ್, ಬ್ರೇಕ್ ಫೇಲಾ?” ಎಂದ ಅಂಗಡಿಯವನು.

“ಬ್ರೇಕು ಸರಿ ಇದೆ. ರಸ್ತೆ ಸರಿ ಇಲ್ಲ!” ಎಂದು ಗದರಿ ಡಾಕ್ಟರು ಕನ್ನಡಿ ನೋಡಿದರು. ದೂರದಲ್ಲಿ, ಹುಣಸೆ ಮರದ ನೆರಳಲ್ಲಿ, ಹಳದಿ ಬೋರ್ಡಿನ ಒಂದು ಕಾರು ನಿಂತಿತ್ತು. ಬೋರ್ಡಿನ ಮೇಲೆ ‘ಕಲಿಯುವವರಿದ್ದಾರೆ, ದೂರವಿರಿ’ ಎಂದಿತ್ತು. ಡಾಕ್ಟರಿಗೆ ಪಿತ್ತ ನೆತ್ತಿಗೇರಿತು. ಫೋನು ತೆಗೆದರು.

“ನೀನು ಕ್ಲಾಸಿಗೆ ಹೋಗಿಲ್ವಾ?”

“ಕ್ಲಾಸಲ್ಲೇ ಇದೀನಿ,” ಎಂದಿತು ಮೇಡಂ ದನಿ. “ವಿದ್ಯಾರ್ಥಿ ಸ್ವಲ್ಪ ಮುಂದಿದಾರೆ.”

“ನೀನು ಹಿಂದೆ ಬರೋದ್ರಿಂದಲೇ ನನಗೆ ಹೀಗಾಗ್ತಿರೋದು! ನೀನು ಬರ್ತಿದೀಯಾ ಅಂತ ನೋಡೋಕೆ ಹೋಗಿ ಹೋಗಿ…”

ಅಷ್ಟರಲ್ಲಿ ಅತ್ತೆಯ ಫೋನು ಬಂತು. ಗಂಟೆ ಆಗಲೇ ಹನ್ನೊಂದಾಗಿತ್ತು. ಅತ್ತೆ ಅಳುವ ಹೆಂಗಸಲ್ಲ. ಆದರೆ ಈಗ ದನಿ ನಡುಗುತ್ತಿತ್ತು. “ಎಲ್ಲಿದೀರಿ? ಮೈಕಿನವನು ಬಂದು ಕಂಬಕ್ಕೆ ಸ್ಪೀಕರ್ ಕಟ್ತಿದಾನೆ. ನಿಮ್ಮ ಮಾವ ಬೆಳಿಗ್ಗೆಯಿಂದ ಗೇಟಲ್ಲೇ ನಿಂತು ರಸ್ತೆ ನೋಡ್ತಿದಾರೆ. ತಿಂಡಿಗೂ ಬರಲಿಲ್ಲ. ‘ಅಳಿಯಂದಿರು ಹೇಳಿದಾರಲ್ಲ, ಬರ್ತಾರೆ’ ಅಂತ ಸನ್ನೆ ಮಾಡ್ತಾರೆ.”

ಡಾಕ್ಟರ ತಮಾಷೆಯೆಲ್ಲ ಅಲ್ಲಿಗೆ ಮುಗಿಯಿತು. ಮಾತಿಲ್ಲದ ಮುದುಕರೊಬ್ಬರು ಕರವಸ್ತ್ರ ಹಿಡಿದು ತನ್ನ ದಾರಿ ಕಾಯುತ್ತಿದ್ದಾರೆ. ತಾನು ಕೊರಳಿಗೆ ಟೈರು ಹಾಕಿಕೊಂಡು ಕೂತಿದ್ದೇನೆ. ನಾಚಿಕೆಯಾಯಿತು. ಆದರೂ, ಮೇಡಂ ಕಾರು ತಂದು ಪಕ್ಕಕ್ಕೆ ನಿಲ್ಲಿಸಿ “ಹತ್ತಿ” ಎಂದಾಗ ಬಾಯಿಂದ ಬಂದದ್ದು ಬೇರೆಯೇ ಮಾತು.

“ಉಳಿದಿರೋದು ಬೆಟ್ಟ ಒಂದೇ. ಇಳಿಜಾರಲ್ಲಿ ನಿನ್ನ ಕಾರಿಗಿಂತ ಮುಂದೆ ಇರ್ತೀನಿ.”

ಬೆಟ್ಟ ಹತ್ತಿದರು. ಹತ್ತುವಾಗ ನಾಲಗೆ ಪೆಡಲಿನವರೆಗೆ ಚಾಚಿತ್ತು, ಅದು ಬೇರೆ ಮಾತು. ನೆತ್ತಿ ತಲುಪಿ ಇಳಿಯತೊಡಗಿದಾಗ ಗಾಳಿ ಕಿವಿಯಲ್ಲಿ ಶಿಳ್ಳೆ ಹಾಕಿತು. ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ, ರಸ್ತೆ ಹಾವಿನಂತೆ. ಮೂರು ತಿರುವು ಸಲೀಸಾಗಿ ದಾಟಿದರು. ನಾಲ್ಕನೆಯದರಲ್ಲಿ ಹಿಂದಿನಿಂದ ಲಾರಿಯ ಹಾರನ್ ಮೊಳಗಿತು. ಕಿವಿಗೇ ಬಾಯಿಟ್ಟು ಊದಿದಷ್ಟು ಹತ್ತಿರ! ಡಾಕ್ಟರು ಕನ್ನಡಿ ನೋಡಿದರು. ಕನ್ನಡಿಯ ತುಂಬ ಲಾರಿಯ ಮೂತಿ. ಎಡಕ್ಕೆ ಬಂಡೆಯತ್ತ ಸರಿಯಬೇಕು. ಸೀಟಿನ ಇಬ್ಬದಿಯ ಹಿಡಿಗಳಲ್ಲಿ ಎಡದ್ದನ್ನು ಎಳೆದು ಬಲದ್ದನ್ನು ತಳ್ಳಿದರೆ ಗಾಡಿ ಎಡಕ್ಕೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವರ ಕಣ್ಣೆದುರೇ ಅವರ ಎಡಗೈ ತಳ್ಳಿತು, ಬಲಗೈ ಎಳೆಯಿತು!

ಟ್ರೈಕು ಕಣಿವೆಯತ್ತ ತಿರುಗಿತು. ಡಾಕ್ಟರ ಜೀವ ಬಾಯಿಗೆ ಬಂತು. ಆ ಒಂದು ಗಳಿಗೆಯಲ್ಲಿ ಅವರಿಗೆ ಎಲ್ಲವೂ ಹೊಳೆಯಿತು.

ಗಾಡಿಯ ತಪ್ಪಲ್ಲ. ರಸ್ತೆಯ ತಪ್ಪಲ್ಲ. ಕೈಯ ವಿದ್ಯೆ! ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು, ಅದರಲ್ಲಿ ಕಾಣುವ ಹಿಂದಿನ ದವಡೆಯನ್ನು ಕೊರೆಯುವುದು ಅವರ ಜೀವಮಾನದ ಕೆಲಸ. ಕನ್ನಡಿಯಲ್ಲಿ ಎಲ್ಲವೂ ಹಿಂದುಮುಂದು. ಅಲ್ಲಿ ಆಚೆ ಹೋಗುವಂತೆ ಕಂಡರೆ ಕೈ ಈಚೆ ಎಳೆಯಬೇಕು, ಈಚೆ ಬರುವಂತೆ ಕಂಡರೆ ಆಚೆ ತಳ್ಳಬೇಕು. ಹಾಗೆ ಪಳಗಿದ ಕೈ ಅದು. ಕಣ್ಣು ಕನ್ನಡಿಗೆ ಬಿದ್ದರೆ ಸಾಕು, ಯಜಮಾನನನ್ನು ಕೇಳದೆ ಉಲ್ಟಾ ಓಡಾಡುತ್ತದೆ. ಹೆದ್ದಾರಿ ಯಾವುದು, ಹುಳುಕು ಹಲ್ಲು ಯಾವುದು, ಅದಕ್ಕೇನು ಗೊತ್ತು?

ಡಾಕ್ಟರು ಗಟ್ಟಿಯಾಗಿ ಕಣ್ಣುಮುಚ್ಚಿ, ಹಿಡಿಗಳನ್ನು ಸರಿಯಾದ ಕಡೆಗೆ ಎಳೆದು ತಳ್ಳಿ, ಬ್ರೇಕು ಹಿಂಡಿದರು. ಲಾರಿ ಬಾವುಟಕ್ಕೆ ಸವರಿಕೊಂಡು ದಾಟಿ ಹೋಯಿತು. ಟ್ರೈಕು ಬಂಡೆಗೆ ಢಿಕ್ಕಿ ಹೊಡೆದು ಚರಂಡಿಯಲ್ಲಿ ಕೂತಿತು. ಚೀಲ ಬಾಯಿಬಿಟ್ಟಿತು, ಡಬ್ಬಿ ಹಾರಿತು. ಕಣ್ಣುಬಿಟ್ಟಾಗ ಮಾವನ ಮೇಲ್ಸಾಲು ಅವರ ತೊಡೆಯ ಮೇಲಿತ್ತು. ಕೆಳಸಾಲು ರಸ್ತೆಯ ನಟ್ಟನಡುವೆ, ಅವರ ಕಣ್ಣಿನ ನೇರಕ್ಕೇ ಕೂತು ನಗುತ್ತಿತ್ತು. ಮೇಲಿನ ತಿರುವಿನಲ್ಲಿ ಮತ್ತೊಂದು ಲಾರಿ ಇಳಿದು ಬರುತ್ತಿತ್ತು!

ಡಾಕ್ಟರು ಏಳಲು ನೋಡಿದರು. ಟ್ರೈಕಿನಿಂದ ಏಳುವುದೆಂದರೆ ಬಾವಿಯಿಂದ ಏಳುವಂತೆ. ಕೈ ಮುಂದೆ ಚಾಚಿ “ಹಲ್ಲು! ಹಲ್ಲು!” ಎಂದು ಅರಚಿದರು. ಆಗ ಹಳದಿ ಬೋರ್ಡಿನ ಕಾರು ಲಾರಿಯನ್ನು ಹಿಂದೆ ಹಾಕಿ ನುಗ್ಗಿ ಬಂದು, ಕಿರ್ರೆಂದು ತಿರುಗಿ, ರಸ್ತೆಗೆ ಅಡ್ಡಲಾಗಿ ನಿಂತಿತು. ಲಾರಿ ಬುಸುಗುಟ್ಟುತ್ತ ಒಂದು ಮಾರು ಹಿಂದೆ ನಿಂತಿತು. ಲಾರಿಯವನು ಕೆಂಡಾಮಂಡಲವಾಗಿ ಇಳಿದ.

“ಏನಮ್ಮಾ, ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ?”

“ಅಲ್ಲೇ ನಿಲ್ಲಿ! ನಮ್ಮಪ್ಪನ ಹಲ್ಲು ಬಿದ್ದಿದೆ!”

ಲಾರಿಯವನ ಮುಖ ಬಿಳಿಚಿತು. ರಸ್ತೆಯ ಮೇಲಿನ ಹಲ್ಲು ನೋಡಿದ. ಬಗ್ಗಿ ತನ್ನ ಗಾಲಿಗಳ ಕೆಳಗೆ ನೋಡಿದ. “ಅಪ್ಪ… ಅಪ್ಪ ಎಲ್ಲಮ್ಮಾ?”

“ಬೆಟ್ಟದ ಕೆಳಗೆ, ಊರಲ್ಲಿ.”

“ಅಯ್ಯಯ್ಯೋ! ಅಲ್ಲೀತನಕ ಹಾರಿಹೋಗೋ ಹಾಗೆ ಗುದ್ದಿಬಿಟ್ಟೆನಾ ನಾನು?”

ಅವನಿಗೆ ಸಮಾಧಾನ ಹೇಳಿ ನೀರು ಕುಡಿಸಿ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಡಾಕ್ಟರು ಕೆಳಸಾಲನ್ನು ಎತ್ತಿ, ತೊಳೆದು, ಬೆಳಕಿಗೆ ಹಿಡಿದು ನೋಡಿದರು. ಒಂದು ಬದಿಗೆ ಗೀರು ಬಿದ್ದಿತ್ತು. ಬಿರುಕೇ? ಹೊರಗಿನ ಗೀರೇ? ಅಂಗಳದ ಗದ್ದಲದ ನಡುವೆ ಮಾವ ಬಾಯ್ತುಂಬ ಕೂಗಿದಾಗ ಇದು ನಿಲ್ಲುತ್ತದೆಯೋ, ಎರಡು ಹೋಳಾಗುತ್ತದೆಯೋ? ಹೆಂಡತಿಗೆ ಎಲ್ಲವನ್ನೂ ಹೇಳಿದರು, ಕನ್ನಡಿಯ ಕಥೆಯನ್ನೂ ಸೇರಿಸಿ.

ಮೇಡಂ ಬೈಯಲಿಲ್ಲ. ಸ್ಕ್ರೂಡ್ರೈವರ್ ತಂದು ಕನ್ನಡಿ ಬಿಚ್ಚಿದರು. “ಹಲ್ಲು ಕೂರಿಸೋಕೆ ನೀವೇ ಬರಬೇಕು. ಈ ಗಾಡೀನ ಇಲ್ಲಿ ಬಿಡೋ ಹಾಗಿಲ್ಲ, ಕಾರಿಗೆ ತುಂಬೋಕೂ ಆಗಲ್ಲ. ಕಿವಿಗೆ ಫೋನ್ ಹಾಕ್ಕೊಳ್ಳಿ. ಹಿಂದೆ ನಾನು ನೋಡ್ತೀನಿ, ಮುಂದೆ ನೀವು ನೋಡಿ.”

ಹೀಗೆ ನಮ್ಮ ಸ್ವತಂತ್ರ ಡಾಕ್ಟರು ಉಳಿದ ಬೆಟ್ಟವನ್ನು ಹೆಂಡತಿಯ ಆಜ್ಞೆಯ ಮೇರೆಗೆ ಇಳಿದರು. “ಎಡಕ್ಕೆ… ಸಾಕು… ಬಸ್ ಹೋಗಲಿ… ಬ್ರೇಕ್ ಹಿಡೀರಿ… ತಲೆ ತಿರುಗಿಸಬೇಡಿ ಅಂದೆ!” ಡಾಕ್ಟರು ಪ್ರತಿಯೊಂದಕ್ಕೂ “ಆಯ್ತು” ಎಂದರು. ಆ ಒಂದು ಪದ ಬಿಟ್ಟು ಬೇರೇನನ್ನೂ ಆಡಲಿಲ್ಲ.

ಕೆಳಗೆ ಹೊಳೆಯ ಸೇತುವೆ. ಅಲ್ಲಿ ಹೊಸ ಆಪತ್ತು. ಹರಾಜಿಗೆ ಬರುತ್ತಿದ್ದ ಟ್ರ್ಯಾಕ್ಟರು, ಟೆಂಪೊ, ಪಿಕಪ್ಪುಗಳು ಸೇತುವೆಯ ಮೇಲೆ ಕಚ್ಚಿಕೊಂಡು ನಿಂತಿದ್ದವು. ಹಾರನ್ನುಗಳ ಸಂತೆ! ಮೇಡಂ ಕಾರು ಒಂದು ಅಂಗುಲ ಕದಲದು. ಹರಾಜಿಗೆ ಇನ್ನು ಅರ್ಧ ಗಂಟೆ ಇಲ್ಲ.

“ನಿಮ್ಮ ಗಾಡಿ ಅಂಚಲ್ಲಿ ನುಗ್ಗತ್ತೆ, ಹೋಗಿ!” ಎಂದರು ಮೇಡಂ ಕಿಟಕಿಯಿಂದ ಅರ್ಧ ಹೊರಗೆ ಬಂದು. ದನಿಯಲ್ಲಿ ಮೇಡಂ ಇರಲಿಲ್ಲ, ಅಪ್ಪನ ಮಗಳಿದ್ದಳು. “ರೀ, ಹೇಗಾದ್ರೂ ಮುಟ್ಟಿಸಿ!”

ಡಾಕ್ಟರು ಹಲ್ಲುಗಳನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗಿಟ್ಟು, ತಮ್ಮ ಹಲ್ಲುಗಳನ್ನು ಕಚ್ಚಿ ಹಿಡಿದು ತುಳಿದರು. ಟ್ರ್ಯಾಕ್ಟರುಗಳ ಗಾಲಿಯ ಪಕ್ಕದಲ್ಲಿ, ಟೆಂಪೊಗಳ ಹೊಗೆಯ ಕೊಳವೆಯ ಕೆಳಗೆ, ಸೇತುವೆಯ ಕಟಕಟೆಗೆ ಮೊಣಕೈ ಉಜ್ಜುತ್ತ. ತೊಡೆ ಉರಿಯಿತು, ಕಣ್ಣು ಕತ್ತಲಿಟ್ಟಿತು. ನಿಲ್ಲಲಿಲ್ಲ. ಗೇಟಿನಲ್ಲಿ ಮಾವ ನಿಂತಿದ್ದರು, ಬಾಯಿಗೆ ಕರವಸ್ತ್ರ. ಅಳಿಯನನ್ನು ಕಂಡು ಅವರ ಕಣ್ಣಲ್ಲಿ ನೀರು ತುಂಬಿತು. ಡಾಕ್ಟರು ಜನರ ಚಪ್ಪಾಳೆಯ ನಡುವೆ ಟ್ರೈಕನ್ನು ಅಂಗಳದ ಮಧ್ಯಕ್ಕೆ ತಂದು ನಿಲ್ಲಿಸಿ, ಮಾವನ ಕೈಹಿಡಿದು ಆಫೀಸು ಕೋಣೆಗೆ ಓಡಿದರು.

ಜೇಬಿನಲ್ಲಿದ್ದ ಪುಟ್ಟ ಅರದಿಂದ ಗೀರನ್ನು ಉಜ್ಜಿ, ಮೇಲ್ಸಾಲು ಕೂರಿಸಿ, ಕೆಳಸಾಲು ಕೂರಿಸಿ, “ಕಚ್ಚಿ ಮಾವ” ಎಂದರು. ಮಾವ ಕಚ್ಚಿದರು. “ಈಗ ಏನಾದ್ರೂ ಮಾತಾಡಿ ನೋಡೋಣ.” ಮಾವ ತಲೆಯಾಡಿಸಿದರು. ಕೋಣೆಯೊಳಗೆ ಮಾತಾಡಿ ಹಾಳು ಮಾಡಿಕೊಳ್ಳುವವರಲ್ಲ ಅವರು. ಎದ್ದು ನೆಟ್ಟಗೆ ಹೊರಗೆ ನಡೆದು, ಕಟ್ಟೆ ಹತ್ತಿ, “ಹಲೋ ಹಲೋ ಚೆಕ್” ಎನ್ನುತ್ತಿದ್ದ ಮೈಕಿನವನ ಕೈಯಿಂದ ಸುತ್ತಿಗೆಯನ್ನು ತೆಗೆದುಕೊಂಡರು. ಕಟ್ಟೆಯ ಬುಡದಲ್ಲಿ ಡಾಕ್ಟರು ಕೆಳಸಾಲಿನ ಮೇಲೆಯೇ ಕಣ್ಣು ನೆಟ್ಟಿದ್ದರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು.

“ಮೊದಲನೇ ಮಾಲು!”

ತಗಡಿನ ಮಾಡು ಗುಂಯ್‌ಗುಟ್ಟಿತು. ಪಾರಿವಾಳಗಳು ಹಾರಿದವು. ಕೆಳಸಾಲು ಕದಲಲಿಲ್ಲ! ಡಾಕ್ಟರಿಗೆ ಅಳು ಬಂತು. ಕಣ್ಣೊರಸಿಕೊಂಡು ಮೊದಲನೆಯ ಮಾಲು ಯಾವುದೆಂದು ತಿರುಗಿ ನೋಡಿದರು. ಅಂಗಳದ ಬಿಳಿ ಗೆರೆಯೊಳಗೆ ಯಾವ ವಸ್ತು ನಿಂತರೂ ಅದಕ್ಕೆ ಸೀಮೆಸುಣ್ಣದಲ್ಲಿ ನಂಬರು ಬರೆಯುವುದು, ನಂಬರು ಬಿದ್ದದ್ದನ್ನು ಕೂಗುವುದು ಅಲ್ಲಿಯ ಪದ್ಧತಿ. ಟ್ರೈಕಿನ ಸೀಟಿನ ಮೇಲೆ ದೊಡ್ಡದಾಗಿ ‘1’ ಎಂದು ಬರೆದಿತ್ತು.

“ಮಾವ! ಅದು ನಂದು!” ಎಂದು ಡಾಕ್ಟರು ಕೈಯೆತ್ತಿ ಕೂಗಿದರು.

“ನೋಡಿ, ಕೂಗೋ ಮೊದಲೇ ನಂದು ಅಂತಿದಾರೆ, ಅಷ್ಟು ಆಸೆ! ಕಟ್ಟೆ ಹತ್ತಿರದವರು ಎರಡು ಸಾವಿರ! ಮಲಗಿಕೊಂಡೇ ಊರು ಸುತ್ತೋ ಗಾಡಿ! ಯಾರಿದೀರಿ ಮೇಲೆ? ಗೇಟಿನ ಹತ್ತಿರ ಮೂರು ಸಾವಿರ!”

ಯಾರವನು? ಡಾಕ್ಟರು ಎಗರಿ ನೋಡಿದರು. ಜನರ ತಲೆಗಳ ಮೇಲೆ ಒಂದು ಕೈ ಮಾತ್ರ ಕಂಡಿತು. ತನ್ನ ಬೆನ್ನಿಗೆ ಸುಖ ಕೊಟ್ಟ ಗಾಡಿ, ಮಾವನ ಮಾನ ಉಳಿಸಿದ ಗಾಡಿ, ಯಾವನದೋ ಪಾಲಾಗುವುದೇ? ಮತ್ತೆ ಕೈಯೆತ್ತಿದರು. ಆ ಕೈ ಇನ್ನೂ ಜೋರಾಗಿ ಬೀಸಿತು. ಐದು, ಎಂಟು, ಹತ್ತು ಸಾವಿರ! ಮಾವನ ದನಿ ಏರುತ್ತ ಹೋಯಿತು. ಸಭೆ ಕುಣಿಯಿತು. ಮೈಕಿನವನು ಬಾಯಿ ತೆರೆದುಕೊಂಡು ಸ್ಪೀಕರಿನ ವೈರು ಸುತ್ತತೊಡಗಿದ. ಡಾಕ್ಟರು ಮತ್ತೆ ಕೈ ಎತ್ತುವಷ್ಟರಲ್ಲಿ “ಒಂದು ಸಲ! ಎರಡು ಸಲ! ಮೂರು ಸಲ!” ಸುತ್ತಿಗೆ ಬಿತ್ತು. “ಗೇಟಿನ ಹತ್ತಿರದವರಿಗೆ!”

ಜನ ಸರಿದು ದಾರಿಬಿಟ್ಟರು. ಗೇಟಿನ ಹತ್ತಿರದವರು ಏದುಸಿರು ಬಿಡುತ್ತ ಬಂದರು. ಮೇಡಂ! ಕಾರನ್ನು ಸೇತುವೆಯಲ್ಲೇ ಬಿಟ್ಟು ಓಡಿ ಬಂದಿದ್ದರು.

“ಅಯ್ಯೋ ನಿಮ್ಮ! ಕೂಗಬೇಡಿ, ಕೈ ಇಳಿಸಿ ಅಂತ ಅಷ್ಟು ಹೊತ್ತಿಂದ ಕೈ ಬೀಸ್ತಾ ಇದೀನಿ, ಕಾಣಲ್ವಾ?”

ಡಾಕ್ಟರು ಇಂಗು ತಿಂದ ಮಂಗನಂತೆ ಮಾವನ ಕಡೆ ತಿರುಗಿದರು. “ಮಾವ, ಇವಳು ಬೇಡ ಅಂತ ಕೈಯೆತ್ತಿದ್ದು!”

“ಗೊತ್ತು.”

“ಆ ಗಾಡಿ ನಮ್ಮದೇ!”

“ಅದೂ ಗೊತ್ತು.”

“ಮತ್ತೆ ಯಾಕೆ ನಿಲ್ಲಿಸಲಿಲ್ಲ?”

ಮಾವ ಹೊಳೆಯುವ ಎರಡೂ ಸಾಲು ತೋರಿಸಿ ನಕ್ಕು, ಮೈಕಿಲ್ಲದೆ, ಸೇತುವೆಯ ಮೇಲೆ ಸಿಕ್ಕಿಕೊಂಡವರಿಗೂ ಕೇಳುವಂತೆ ಹೇಳಿದರು: “ಹೊಸ ಹಲ್ಲು ಅಳಿಯಂದಿರೇ! ಗಟ್ಟಿ ಇದೆಯೋ ಇಲ್ವೋ ಪರೀಕ್ಷೆ ಮಾಡೋಕೆ ಬೇರೆಯವರ ದುಡ್ಡು ಹಾಳು ಮಾಡೋಕಾಗತ್ತಾ? ಕಮಿಷನ್ ಕಟ್ಟಿ ಪಕ್ಕಕ್ಕೆ ಬನ್ನಿ. ಎರಡನೇ ಮಾಲು!”